ಜನ ಗಡಿ ದಾಟಲಿ, ಹಣ ಅಲ್ಲಲ್ಲೇ ಇರಲಿ: ಹೊರದೇಶದವರ ಜೊತೆಗಿನ ಕಲಾಕೆಲಸಕ್ಕೆ ಅನುದಾನ ಹೊಂದಿಸುವ ಕ್ರಮ

ಈ ಬರಹ ಕೊಪ್ಪಳ ಜಿಲ್ಲೆಯ ಮಂಗಳೂರಿನವರಿಗೆ, ಅಂದರೆ ಯಲಬುರ್ಗಾ–ಕುಕನೂರು ಸೀಮೆಯ ನಮ್ಮ ಮಂಗಳೂರಿನವರಿಗೆ. ಹಾಗೆಯೇ ಗಂಗಾವತಿ, ಕುಷ್ಟಗಿ, ಕೊಪ್ಪಳದ ಚಿತ್ರಕಲೆ ಮತ್ತು ವಾಸ್ತುಶಿಲ್ಪದ ಹುಡುಗ ಹುಡುಗಿಯರಿಗೆ. ಕುಕನೂರಿನ ನವಲಿಂಗ ದೇವಾಲಯ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಕಿನ್ನಾಳದ ಚಿತ್ರಗಾರರ ಓಣಿ, ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಂಸ್ಕೃತಿಯ ಕಲ್ಮನೆಗಳು, ಆನೆಗೊಂದಿಯ ಹಳೆಯ ಮನೆಗಳು ಎಲ್ಲವೂ ನಮ್ಮ ಸುತ್ತಲೇ ಇವೆ. ಇವನ್ನು ನೋಡಲು ಜಗತ್ತಿನ ಎಲ್ಲ ಕಡೆಯಿಂದ ಕಲಾವಿದರು, ವಾಸ್ತುಶಿಲ್ಪಿಗಳು ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಅವರಲ್ಲಿ ಒಬ್ಬರ ಜೊತೆ ಕೂತು ನಿಜವಾಗಿ ಒಂದು ಕೆಲಸ ಮಾಡಬೇಕು ಎನ್ನಿಸಿದಾಗ ಮೊದಲು ಅಡ್ಡ ಬರುವುದು ದುಡ್ಡಿನ ಪ್ರಶ್ನೆ. ಅದಕ್ಕೆ ದಾರಿ ಇದೆ. ದಾರಿಯ ಹೆಚ್ಚಿನ ಪಾಲು ಕಾಗದಪತ್ರದ್ದು. ಅದನ್ನು ಮೊದಲೇ ತಿಳಿದುಕೊಂಡವರಿಗೆ ಕೆಲಸ ಸಲೀಸು.

ಹಂತ 1: ದುಡ್ಡಿಗಿಂತ ಮೊದಲು ಜೊತೆಗಾರರು

ಅನುದಾನ ಕೊಡುವ ಯಾವ ಸಂಸ್ಥೆಯೂ “ವಿದೇಶದ ಯಾರಾದರೂ ಒಬ್ಬ ಕಲಾವಿದ” ಎಂದು ಬರೆದ ಅರ್ಜಿಗೆ ಹಣ ಕೊಡುವುದಿಲ್ಲ. ಹೆಸರು ಬೇಕು, ಅವರು ಬರೆದ ಒಪ್ಪಿಗೆ ಪತ್ರ ಬೇಕು, ನೀವಿಬ್ಬರೂ ಒಬ್ಬರನ್ನೊಬ್ಬರು ಬಲ್ಲಿರಿ ಎಂಬುದಕ್ಕೆ ಏನಾದರೂ ಗುರುತು ಬೇಕು.

ಜೊತೆಗಾರರು ಸಿಗುವ ಜಾಗಗಳು ತೀರಾ ದೂರ ಇಲ್ಲ. ಹೊಸಪೇಟೆ ದಾಟಿ ತೋರಣಗಲ್ಲಿಗೆ ಹೋದರೆ 2024ರಲ್ಲಿ ತೆರೆದ ‘ಹಂಪಿ ಆರ್ಟ್ ಲ್ಯಾಬ್ಸ್’ ಇದೆ. ವಾಸ್ತುಶಿಲ್ಪಿ ಸಮೀಪ್ ಪಡೋರಾ ವಿನ್ಯಾಸಗೊಳಿಸಿದ ಈ ಕೇಂದ್ರದಲ್ಲಿ ಪ್ರದರ್ಶನದ ಜಾಗವೂ ಕಲಾವಿದರು ಉಳಿದು ಕೆಲಸ ಮಾಡುವ ಸ್ಟುಡಿಯೊಗಳೂ ಇವೆ. ಹೀಗೆ ಉಳಿದು ಕೆಲಸ ಮಾಡುವುದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಸುರೇಶ್ ಜಯರಾಮ್ ಕಟ್ಟಿದ ‘ಒನ್ ಶಾಂತಿರೋಡ್’ ಇದೆ. ಮ್ಯಾಕ್ಸ್‌ಮುಲ್ಲರ್ ಭವನದವರು ‘ಬ್ಯಾಂಗಲೊರೆಸಿಡೆನ್ಸಿ’ ಹೆಸರಿನಲ್ಲಿ ಜರ್ಮನಿಯ ಕಲಾವಿದರನ್ನು ಕರೆತಂದು ಇಲ್ಲಿನ ಸಂಸ್ಥೆಗಳ ಜೊತೆ ಇರಿಸುತ್ತಾರೆ. ದೆಹಲಿಯ ‘ಖೋಜ್’ 1997ರಿಂದ ಇದೇ ಕೆಲಸದಲ್ಲಿದೆ. 2012ರಲ್ಲಿ ಶುರುವಾದ ಕೊಚ್ಚಿ ದ್ವೈವಾರ್ಷಿಕದಲ್ಲಿ ವಾರ ಕಾಲ ಓಡಾಡಿದರೆ ಹತ್ತು ದೇಶದವರ ಪರಿಚಯವಾಗುತ್ತದೆ. ಇಲ್ಲೆಲ್ಲ ಕಲಾವಿದರು ತಮ್ಮ ಕೆಲಸದ ಬಗ್ಗೆ ಮಾತಾಡುವ ಸಂಜೆಗಳಿರುತ್ತವೆ. ಹೋಗಿ, ಮುಗಿದ ಮೇಲೆ ಮಾತಾಡಿಸಿ, ನಿಮ್ಮ ಊರಿಗೆ ಕರೆಯಿರಿ.

ದೊಡ್ಡ ಮಾದರಿ ನಮ್ಮ ಪಕ್ಕದಲ್ಲೇ ನಡೆದಿದೆ. 1980ರಲ್ಲಿ ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್ ಮತ್ತು ಆಸ್ಟ್ರೇಲಿಯಾ ಮೂಲದ ವಾಸ್ತು ಇತಿಹಾಸಕಾರ ಜಾರ್ಜ್ ಮಿಷೆಲ್ ರಾಜ್ಯ ಪುರಾತತ್ವ ಇಲಾಖೆಯ ಜೊತೆ ಸೇರಿ ವಿಜಯನಗರದ ಅವಶೇಷಗಳ ಅಧ್ಯಯನ ಶುರುಮಾಡಿದರು. ಎರಡು ದಶಕಗಳ ಕಾಲ ಪ್ರತಿ ಚಳಿಗಾಲ ಹಂಪಿಯಲ್ಲೇ ಶಿಬಿರ ಹೂಡಿ, ಇಲ್ಲಿನ ಮತ್ತು ಹೊರಗಿನ ವಾಸ್ತುಶಿಲ್ಪ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದೊಂದೇ ಕಟ್ಟಡ ಅಳೆದು ನಕ್ಷೆ ಬರೆಸಿದರು. ಅವರಿಗೆ ಬಲ ಕೊಟ್ಟದ್ದು ಸ್ಥಳೀಯ ಇಲಾಖೆಯ ಜೊತೆಗಿನ ಒಪ್ಪಂದ ಮತ್ತು ವರ್ಷ ವರ್ಷವೂ ಮರಳಿ ಬರುವ ಹಟ. ಹಣ ಕೊಡುವವರು ಈ ಎರಡನ್ನೂ ಇವತ್ತಿಗೂ ಹುಡುಕುತ್ತಾರೆ.

ಹಂತ 2: ಒಂದೇ ಪುಟದಲ್ಲಿ ಕೆಲಸವನ್ನು ಹೇಳಿ

“ಎರಡು ಸಂಸ್ಕೃತಿಗಳ ಸಂಗಮ”, “ಪರಂಪರೆ ಮತ್ತು ಆಧುನಿಕತೆಯ ಸೇತುವೆ” ಎಂದೆಲ್ಲ ಬರೆಯಬೇಡಿ. ಓದುವವರು ಇಂಥ ನೂರು ಪುಟ ಓದಿ ಬೇಸತ್ತಿರುತ್ತಾರೆ. ಏನು ಮಾಡುತ್ತೀರಿ, ಯಾರು ಮಾಡುತ್ತೀರಿ, ಎಷ್ಟು ದಿನ, ಕೊನೆಗೆ ಏನು ಉಳಿಯುತ್ತದೆ ಎಂಬ ನಾಲ್ಕಕ್ಕೆ ಉತ್ತರ ಬರೆದರೆ ಸಾಕು.

ಕಿನ್ನಾಳದ ಚಿತ್ರಗಾರರ ಬೊಂಬೆ ಕೆಲಸವನ್ನೇ ತೆಗೆದುಕೊಳ್ಳಿ. ಗೋಣಿ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕಲಸಿದರೆ ಕಿಟ್ಟ ಆಗುತ್ತದೆ. ಹಗುರ ಮರದ ತುಂಡುಗಳನ್ನು ಜೋಡಿಸಿ, ಮೇಲೆ ಕೈಯಲ್ಲೇ ಕಿಟ್ಟ ಬಳಿಯುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸುತ್ತಾರೆ, ಆಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಮೈಮೇಲಿನ ಒಡವೆಗಳು ಉಬ್ಬಿ ಕಾಣುವುದು ಕಲ್ಲಿನ ಪುಡಿ ಮತ್ತು ಗೋಂದಿನ ಕೆಲಸದಿಂದ. ಪ್ರತಿ ಪದರವೂ ಒಣಗಬೇಕು. ಮಣ್ಣಿನ ಗೋಡೆಗಳ ಮೇಲೆ ಕೆಲಸ ಮಾಡುವ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಯೊಬ್ಬರು ಚಿತ್ರಗಾರರ ಜೊತೆ ಕೂತು ಈ ಕಿಟ್ಟವನ್ನು ಮನೆಯ ಒಳಗೋಡೆಗೆ ಬಳಸಬಹುದೇ ಎಂದು ಪರೀಕ್ಷಿಸುತ್ತಾರೆ ಎಂದುಕೊಳ್ಳಿ. ಈ ಒಂದು ವಾಕ್ಯವೇ ಒಳ್ಳೆಯ ಪ್ರಸ್ತಾವ. ಮಳೆಗಾಲದಲ್ಲಿ ಪದರ ಒಣಗುವುದು ನಿಧಾನ, ಹಾಗಾಗಿ ಜನವರಿ–ಫೆಬ್ರುವರಿಯಲ್ಲಿ ಮೂರು ವಾರ ಎಂದು ಸೇರಿಸಿ. ಕೆಲಸ ಬಲ್ಲವರು ಬರೆದದ್ದು ಎಂದು ಓದುವವರಿಗೆ ಆಗಲೇ ಗೊತ್ತಾಗುತ್ತದೆ.

ಹಂತ 3: ಹಣ ಯಾರ ಹೆಸರಿಗೆ ಬರುತ್ತದೆ

ಇದೇ ಇಡೀ ವಿಷಯದ ಜೀವಾಳ. ಹೆಚ್ಚಿನ ಯೋಜನೆಗಳು ಮುಗ್ಗರಿಸುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಸಾಂಸ್ಕೃತಿಕ ಕೆಲಸಕ್ಕೆಂದು ಹೊರದೇಶದಿಂದ ಬರುವ ದೇಣಿಗೆ, ಅನುದಾನಗಳೆಲ್ಲ ‘ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010’ರ ಕೆಳಗೆ ಬರುತ್ತವೆ. ಎಲ್ಲರೂ ಅದನ್ನು ಎಫ್‌ಸಿಆರ್‌ಎ ಎನ್ನುತ್ತಾರೆ. ನಿಮ್ಮ ಯುವಕ ಸಂಘ, ಟ್ರಸ್ಟ್, ಕಲಾಬಳಗ ಯಾವುದೇ ಇರಲಿ, ಕೇಂದ್ರ ಗೃಹ ಸಚಿವಾಲಯದ ನೋಂದಣಿ ಇಲ್ಲದೆ ಇಂಥ ಹಣ ಪಡೆಯುವಂತಿಲ್ಲ. ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹೊಸ ಸಂಸ್ಥೆಗಳಿಗೆ ಒಂದು ಕಿರುದಾರಿ ಇದೆ: ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತಕ್ಕೆ ಪೂರ್ವಾನುಮತಿ ಕೇಳುವುದು. ದಾನಿಯ ಲಿಖಿತ ಬದ್ಧತಾ ಪತ್ರ ಇಲ್ಲದೆ ಅದೂ ಆಗದು.

2020ರ ತಿದ್ದುಪಡಿಯ ನಂತರ ನಿಯಮಗಳು ಇನ್ನೂ ಬಿಗಿಯಾದವು. ವಿದೇಶಿ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು ಶೇ 20 ಮೀರಬಾರದು. ಎಲ್ಲಕ್ಕಿಂತ ಮುಖ್ಯ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆ ಹಣ ಪಡೆದು ಹಳ್ಳಿಯ ಸಣ್ಣ ಸಂಘಕ್ಕೆ ಹಂಚುವ ರೂಢಿ ಇತ್ತು. ಆ ಬಾಗಿಲು ಮುಚ್ಚಿದೆ. ಸಣ್ಣ ಊರಿನ ಕಲಾಸಂಘಗಳಿಗೆ ಇದರಿಂದ ಆದ ನಷ್ಟ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕಾನೂನು ಕಾನೂನೇ. “ನಮ್ಮ ಖಾತೆಗೆ ಹಾಕಿಸ್ರಿ, ಆಮೇಲೆ ನೋಡೋಣು” ಎನ್ನುವವರ ಮಾತು ಕೇಳಬೇಡಿ.

ಹಾಗಾದರೆ ಏನು ಮಾಡಬೇಕು? ಹೊಸಬರಿಗೆ ನಾನು ಹೇಳುವುದು ಒಂದೇ ದಾರಿ: ಜನ ಗಡಿ ದಾಟಲಿ, ಹಣ ದಾಟುವುದು ಬೇಡ. ಹೊರದೇಶದ ಕಲಾವಿದರ ವಿಮಾನ, ಸಂಭಾವನೆ, ವಿಮೆಯನ್ನು ಅವರ ದೇಶದ ಸಂಸ್ಥೆ ಅವರಿಗೇ ಕೊಡಲಿ. ಇಲ್ಲಿನವರ ಕೂಲಿ, ಸಾಮಗ್ರಿ, ವಸತಿ, ಓಡಾಟವನ್ನು ಭಾರತದ ಸಂಸ್ಥೆ ರೂಪಾಯಿಯಲ್ಲಿ ಕೊಡಲಿ. ಎರಡು ಅರ್ಜಿ, ಎರಡು ಬಜೆಟ್, ಒಂದು ಕೆಲಸ. ಎರಡೂ ಕಡೆಯವರಿಗೆ ಇನ್ನೊಂದು ಕಡೆಯ ಬಜೆಟ್ಟನ್ನು ತೋರಿಸಿ. ಪಾಲು ಹಂಚಿಕೆಯಾಗಿದೆ ಎಂದು ಗೊತ್ತಾದರೆ ಇಬ್ಬರಿಗೂ ಧೈರ್ಯ ಬರುತ್ತದೆ.

ಇನ್ನೆರಡು ಸಂದರ್ಭಗಳಿವೆ. ವ್ಯಾಪಾರದ ರೀತಿಯಲ್ಲಿ ವಸ್ತು ಮಾರಿದ್ದಕ್ಕೆ, ಸೇವೆ ಕೊಟ್ಟದ್ದಕ್ಕೆ ಬಿಲ್ ಬರೆದು ಪಡೆಯುವ ಶುಲ್ಕವನ್ನು ಈ ಕಾಯ್ದೆ ವಂತಿಗೆ ಎಂದು ಎಣಿಸುವುದಿಲ್ಲ. ಹೊರದೇಶದ ಗ್ಯಾಲರಿ ಕಿನ್ನಾಳದ ಕುಶಲಕರ್ಮಿಗೆ ಹತ್ತು ಬೊಂಬೆ ಮಾಡಿಕೊಡಲು ಹೇಳಿದರೆ ಅದು ವ್ಯಾಪಾರ. ಬ್ಯಾಂಕಿನಿಂದ ವಿದೇಶಿ ಹಣ ಬಂದ ಪ್ರಮಾಣಪತ್ರ ಕೇಳಿ ಪಡೆದು ಇಟ್ಟುಕೊಳ್ಳಿ. ಇನ್ನು ವ್ಯಕ್ತಿಗೆ ಬರುವ ವಿದ್ಯಾರ್ಥಿವೇತನ, ರೆಸಿಡೆನ್ಸಿ ಭತ್ಯೆಯ ಲೆಕ್ಕ ಬೇರೆ. ಎರಡರಲ್ಲೂ ಸಹಿ ಹಾಕುವ ಮೊದಲು ಎಫ್‌ಸಿಆರ್‌ಎ ಬಲ್ಲ ಲೆಕ್ಕಪರಿಶೋಧಕರಿಗೆ ಪತ್ರ ತೋರಿಸಿ. ಅವರ ಶುಲ್ಕವನ್ನೂ ಬಜೆಟ್ಟಿಗೆ ಸೇರಿಸಿ.

ಹಂತ 4: ಯಾರ ಬಾಗಿಲು ಬಡಿಯಬೇಕು

ಮೊದಲು ಇಲ್ಲಿನವರು. ಬೆಂಗಳೂರಿನ ‘ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್’ 1993ರಲ್ಲಿ ಹುಟ್ಟಿ 1995ರಿಂದ ಅನುದಾನ ಕೊಡುತ್ತಿದೆ. ಸಂಶೋಧನೆಗೆ, ಹೊಸ ಕಲಾಕೃತಿಗೆ, ಕಲಾಶಿಕ್ಷಣಕ್ಕೆ ಬೇರೆ ಬೇರೆ ವಿಭಾಗಗಳಿವೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಕಡೆಯವರು ಇಂಗ್ಲಿಷ್ ಬಾರದು ಎಂದೇ ಹಿಂದೆ ಸರಿಯುತ್ತಾರೆ, ಅದಕ್ಕೆ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. 1976ರಿಂದ ಇರುವ ಇನ್‌ಲ್ಯಾಕ್ಸ್ ಶಿವದಾಸಾನಿ ಫೌಂಡೇಶನ್ ಯುವ ಕಲಾವಿದರಿಗೆ ಪ್ರಶಸ್ತಿ ಮತ್ತು ನೆರವು ಕೊಡುತ್ತದೆ.

ಕಂಪನಿಗಳು ಸಾಮಾಜಿಕ ಹೊಣೆಗೆಂದು ಎತ್ತಿಡುವ ಸಿಎಸ್‌ಆರ್ ಹಣವೂ ಇದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪರಂಪರೆಯ ಕಟ್ಟಡಗಳ ರಕ್ಷಣೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಕ್ಕೆ ಪ್ರೋತ್ಸಾಹ ಎಂದು ಸ್ಪಷ್ಟವಾಗಿ ಬರೆದಿದೆ. ಕೊಪ್ಪಳದ ಸುತ್ತ ಕಾರ್ಖಾನೆಗಳಿಗೇನೂ ಬರ ಇಲ್ಲ. ಆದರೆ ಧೂಳು, ಹೊಗೆಯ ವಿರುದ್ಧ ಜಿಲ್ಲೆಯ ಜನ ಬೀದಿಗಿಳಿದಿರುವ ಹೊತ್ತಿನಲ್ಲಿ ಯಾರ ಹಣ ತೆಗೆದುಕೊಳ್ಳುತ್ತೇವೆ ಎಂಬುದನ್ನು ನೀವೂ ನಿಮ್ಮ ಜೊತೆಗಾರರೂ ಕೂತು ತೀರ್ಮಾನಿಸಬೇಕು. ಊರಿನವರ ಮುಂದೆ ಬಾಯಿಬಿಟ್ಟು ಹೇಳಲಾಗದ ದಾನಿಯ ಹೆಸರನ್ನು ಕಲಾಕೃತಿಯ ಕೆಳಗೆ ಬರೆಯುವುದು ತಪ್ಪು.

ಹೊರಗಿನವರಲ್ಲಿ ಯಾರನ್ನು ಕೇಳಬೇಕು ಎಂಬುದು ಜೊತೆಗಾರರ ದೇಶದ ಮೇಲೆ ನಿಂತಿದೆ. ಸ್ವಿಟ್ಜರ್ಲೆಂಡಿನವರಾದರೆ ಪ್ರೊ ಹೆಲ್ವೇಶಿಯಾ. ಅದರ ದೆಹಲಿ ಕಚೇರಿ 2007ರಿಂದ ಇದೆ, ಸ್ವಿಸ್ ನಂಟಿರುವ ಯೋಜನೆಗಳಿಗೆ ಸಂಶೋಧನಾ ಪ್ರವಾಸ, ರೆಸಿಡೆನ್ಸಿ ಕೊಡುತ್ತದೆ. ನೀವು ಬ್ರಿಟನ್ನಿಗೆ ಹೋಗಬೇಕಾದರೆ 1981ರಲ್ಲಿ ಶುರುವಾದ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನೋಡಿ. ಕಲಾವಿದರಿಗೂ ಪರಂಪರೆ ಸಂರಕ್ಷಣೆಯವರಿಗೂ ನೆರವು ಕೊಡುತ್ತದೆ. ಅಮೆರಿಕದವರ ಜೊತೆಗಾದರೆ 1963ರಿಂದ ಇರುವ ಏಷ್ಯನ್ ಕಲ್ಚರಲ್ ಕೌನ್ಸಿಲ್ ಇದೆ. ವಾಸ್ತುಶಿಲ್ಪಕ್ಕೇ ಮೀಸಲಾದದ್ದು ಷಿಕಾಗೊದ ಗ್ರಹಾಂ ಫೌಂಡೇಶನ್. 1956ರಲ್ಲಿ ಹುಟ್ಟಿದ ಈ ಸಂಸ್ಥೆ ಕಟ್ಟಡ ಕಟ್ಟಲು ಹಣ ಕೊಡುವುದಿಲ್ಲ. ಕಟ್ಟಡದ ಬಗೆಗಿನ ಸಂಶೋಧನೆ, ಪ್ರದರ್ಶನ, ಪುಸ್ತಕ, ಚಿತ್ರಕ್ಕೆ ಕೊಡುತ್ತದೆ. ನೆದರ್‌ಲೆಂಡ್ಸಿನ ಪ್ರಿನ್ಸ್ ಕ್ಲಾಸ್ ಫಂಡ್ ಹೊಸ ಕಲಾವಿದರಿಗೆ 5,000 ಯೂರೊದ ‘ಸೀಡ್’ ಪ್ರಶಸ್ತಿ ಕೊಡುತ್ತ ಬಂದಿದೆ. ಪ್ರತಿ ಸಂಸ್ಥೆಯ ಕೊನೆಯ ದಿನಾಂಕ, ವಯಸ್ಸಿನ ಮಿತಿಗಳು ಬದಲಾಗುತ್ತಿರುತ್ತವೆ, ಅವರ ಜಾಲತಾಣದಲ್ಲೇ ನೋಡಿ. ಅರ್ಜಿ ಹಾಕಿದ ದಿನದಿಂದ ಹಣ ಕೈಗೆ ಬರುವವರೆಗೆ ಒಂದು ವರ್ಷ ಹಿಡಿಯಬಹುದು ಎಂದು ಲೆಕ್ಕ ಹಾಕಿಕೊಳ್ಳಿ.

ಹಂತ 5: ಬಜೆಟ್

ಕುಶಲಕರ್ಮಿಗಳ ಮನೆಗೆ ಹೋಗಿ ಯೋಜನೆ ವಿವರಿಸಿದಾಗ ಅವರು ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟ ದಿನದ ಕೆಲ್ಸರೀ, ನಮ್ಮ ಹೆಸರು ಎಲ್ಲಿ ಬರ್ತೈತಿ?” ಎಂಬುದು. ಅವರು ಕೇಳದಿದ್ದರೂ ನೀವೇ ಉತ್ತರ ಕೊಡಿ. ಬಹಳಷ್ಟು ಬಜೆಟ್‌ಗಳಲ್ಲಿ ಹೊರಗಿನವರಿಗೆ ‘ಕಲಾವಿದರ ಸಂಭಾವನೆ’ ಎಂಬ ಸಾಲಿರುತ್ತದೆ, ಚಿತ್ರಗಾರರು, ಗೌಂಡಿಗಳು, ಕಲ್ಲುಕೆಲಸದವರು ‘ಸಾಮಗ್ರಿ ಮತ್ತು ಕೂಲಿ’ ಎಂಬ ಸಾಲಿನಲ್ಲಿ ಸುಣ್ಣ, ಮರಳಿನ ಜೊತೆ ಕೂತಿರುತ್ತಾರೆ. ಇದನ್ನು ಒಪ್ಪಲೇಬಾರದು. ಅವರ ಹೆಸರಿನ ಮುಂದೆಯೂ ಸಂಭಾವನೆ ಎಂದೇ ಬರೆಯಿರಿ.

ಮೇಲೆ ಹೇಳಿದ ಮೂರು ವಾರದ ಕೆಲಸಕ್ಕೆ ಇಲ್ಲಿನ ಪಾಲಿನ ಬಜೆಟ್ ಹೇಗಿರಬಹುದು ಎಂದು ಮಾದರಿಗೆ ನೋಡೋಣ. ಇಬ್ಬರು ಚಿತ್ರಗಾರರಿಗೆ ದಿನಕ್ಕೆ 2,000 ರೂಪಾಯಿಯಂತೆ 21 ದಿನಕ್ಕೆ 84,000. ಸಾಮಗ್ರಿಗೆ 40,000. ಭಾಷಾಂತರ ಮಾಡುವ ಸಹಾಯಕರಿಗೆ ದಿನಕ್ಕೆ 1,500ರಂತೆ 31,500. ವಸತಿಗೆ ದಿನಕ್ಕೆ 1,500ರಂತೆ 31,500. ಸ್ಥಳೀಯ ಓಡಾಟಕ್ಕೆ 20,000. ಫೋಟೊ, ವಿಡಿಯೊ ದಾಖಲೆಗೆ 45,000. ಒಟ್ಟು 2,52,000. ಅದರ ಮೇಲೆ ಆಕಸ್ಮಿಕ ಖರ್ಚಿಗೆ ಶೇ 10, ಅಂದರೆ 25,200. ಎಲ್ಲ ಸೇರಿ 2,77,200 ರೂಪಾಯಿ. ದರಗಳು ನಿಮ್ಮ ಊರಿಗೆ, ಕೆಲಸಕ್ಕೆ ತಕ್ಕಂತೆ ಬದಲಾಗುತ್ತವೆ. ನಿಮ್ಮ ಸ್ವಂತ ಸಂಭಾವನೆಯನ್ನು ಸೇರಿಸಲು ಸಂಕೋಚ ಬೇಡ. ಈ ಮಾದರಿಯಲ್ಲಿ ಅದು ಇಲ್ಲ, ನಿಮ್ಮ ಅರ್ಜಿಯಲ್ಲಿ ಇರಬೇಕು. ಒಣಗುವ ದಿನಗಳಿಗೂ ಸಂಭಾವನೆ ಇದೆ ಎಂಬುದನ್ನು ಗಮನಿಸಿ. ಕೈ ಸುಮ್ಮನಿದ್ದರೂ ಆ ದಿನ ಅವರು ಬೇರೆ ಕೆಲಸ ಹಿಡಿಯಲಾರರು.

ಹಂತ 6: ಅನುಮತಿಗಳು

ಇಟಗಿ ದೇವಾಲಯದ ಅಂಗಳದಲ್ಲಿ ಒಂದು ಕಲಾಕೃತಿ ನಿಲ್ಲಿಸುತ್ತೇವೆ ಎಂದು ಅರ್ಜಿಯಲ್ಲಿ ಬರೆಯುವುದು ಸುಲಭ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಸ್ಮಾರಕದ ಒಳಗೆ ಏನೇ ಮಾಡುವುದಾದರೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಲಿಖಿತ ಅನುಮತಿ ಬೇಕು. ಆನೆಗೊಂದಿ ಸುತ್ತಮುತ್ತ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಕೇಳಬೇಕು. ಹಿರೇಬೆಣಕಲ್ 2021ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ, ಅಲ್ಲಿಯ ಒಂದು ಬಂಡೆಯನ್ನೂ ಅಲುಗಿಸುವ ಯೋಚನೆ ಬೇಡ. ನನ್ನನ್ನು ಕೇಳಿದರೆ, ಹೊಸಬರು ಸ್ಮಾರಕ ಬಿಟ್ಟು ಊರೊಳಗಿನ ಮನೆ, ಶಾಲೆಯ ಅಂಗಳ, ಕಣ, ಸಂತೆ ಮೈದಾನ ಆರಿಸಿಕೊಳ್ಳುವುದೇ ಸರಿ. ಆನೆಗೊಂದಿಯಲ್ಲಿ ಶಮಾ ಪವಾರ್ 1997ರಲ್ಲಿ ಕಟ್ಟಿದ ‘ಕಿಷ್ಕಿಂಧಾ ಟ್ರಸ್ಟ್’ ಊರಿನ ಹಳೆಯ ಮನೆಗಳನ್ನು, ಬಾಳೆನಾರಿನ ಕೈಕೆಲಸವನ್ನು ಹಿಡಿದೇ ಬೆಳೆಯಿತು. ಊರಿನ ಹೆಂಗಸರು ದುಡಿಮೆ ಕಂಡುಕೊಂಡದ್ದೂ ಅಲ್ಲಿಯೇ.

ಅತಿಥಿಗಳ ವೀಸಾ ಎರಡನೆಯ ವಿಷಯ. ಪ್ರವಾಸಿ ವೀಸಾದಲ್ಲಿ ಬಂದು ಸಂಭಾವನೆ ಪಡೆದು ಕೆಲಸ ಮಾಡುವಂತಿಲ್ಲ. ಯಾವ ಬಗೆಯ ವೀಸಾ ಬೇಕು ಎಂದು ಅವರು ತಮ್ಮ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಲಿ. ನಿಮ್ಮ ಮನೆಯಲ್ಲೇ ಉಳಿಸಿಕೊಂಡರೆ ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಮಾಹಿತಿ ಕೊಡುವುದು ನಿಮ್ಮ ಹೊಣೆ.

ಕೆಲಸ ಮುಗಿದು ಪ್ರದರ್ಶನಕ್ಕೆ ವಸ್ತುಗಳನ್ನು ಹೊರದೇಶಕ್ಕೆ ಕಳಿಸುವಾಗ ಅಜ್ಜನ ಕಾಲದ ಕಿನ್ನಾಳದ ಗೌರಿಯನ್ನು ಪೆಟ್ಟಿಗೆಗೆ ಹಾಕಬೇಡಿ. ನೂರು ವರ್ಷ ದಾಟಿದ ಕಲಾವಸ್ತು 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಅದನ್ನು ಖಾಸಗಿಯಾಗಿ ದೇಶದಾಚೆ ಕಳಿಸುವಂತಿಲ್ಲ. ಹೊಸದಾಗಿ ಮಾಡಿದ್ದನ್ನೇ, ಮಾಡಿದವರ ಹೆಸರು ಮತ್ತು ವರ್ಷ ಬರೆದ ಚೀಟಿಯೊಂದಿಗೆ ಕಳಿಸಿ.

ಹಂತ 7: ಒಪ್ಪಂದ ಮತ್ತು ಲೆಕ್ಕ

ಹಣ ಮಂಜೂರಾದ ಪತ್ರ ಬಂದ ದಿನವೇ ನಿಮ್ಮೆಲ್ಲರ ನಡುವೆ ಎರಡು ಪುಟದ ಒಪ್ಪಂದ ಬರೆದುಕೊಳ್ಳಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕಲಾಕೃತಿ ಯಾರದು, ಮಾರಿದರೆ ಯಾರಿಗೆ ಎಷ್ಟು, ಫೋಟೊ ಯಾರು ಬಳಸಬಹುದು, ಪ್ರದರ್ಶನದಲ್ಲಿ ಹೆಸರುಗಳ ಕ್ರಮ ಏನು ಎಂಬುದೆಲ್ಲ ಅದರಲ್ಲಿರಲಿ. ಕಿನ್ನಾಳದ ಬೊಂಬೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆ ಹೆಸರನ್ನು ಬೇರೆಲ್ಲೋ ಮಾಡಿದ ವಸ್ತುವಿಗೆ ಹಚ್ಚದಂತೆ ಜೊತೆಗಾರರಿಗೆ ತಿಳಿಸಿ ಹೇಳಿ. ಚಿತ್ರಗಾರರಿಗೆ ಒಪ್ಪಂದವನ್ನು ಓದಿ ಹೇಳಿ, ಒಂದು ಪ್ರತಿ ಅವರ ಕೈಗೇ ಕೊಡಿ.

ಅನುದಾನ ಕಂತುಗಳಲ್ಲಿ ಬರುತ್ತದೆ, ಮೊದಲ ಕಂತಿನ ಲೆಕ್ಕ ಒಪ್ಪಿಸಿದ ಮೇಲೆಯೇ ಎರಡನೆಯದು. ಬಟ್ಟೆ, ಮರ, ಬಣ್ಣ, ಆಟೊ ಎಲ್ಲದಕ್ಕೂ ಅಂದಂದೇ ರಸೀದಿ ತೆಗೆದುಕೊಳ್ಳಿ. ಸಂತೆಯಲ್ಲಿ ಕೊಂಡದ್ದಕ್ಕೆ ಬಿಲ್ ಸಿಗದಿದ್ದರೆ ವೋಚರ್ ಬರೆದು ಸಹಿ ಹಾಕಿಸಿ. ಸಂಭಾವನೆಯನ್ನು ಆದಷ್ಟು ಬ್ಯಾಂಕ್ ಖಾತೆಗೇ ಹಾಕಿ. ಇದಕ್ಕೆಂದೇ ಬೇರೆ ಖಾತೆ ಇದ್ದರೆ ವರದಿ ಬರೆಯುವ ವಾರ ನಿದ್ದೆಗೆಡಬೇಕಿಲ್ಲ. ವಿದೇಶಿ ವಂತಿಗೆ ನೋಂದಣಿ ಇರುವ ಸಂಸ್ಥೆಗಳು ಆರ್ಥಿಕ ವರ್ಷ ಮುಗಿದು ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರ ಒಳಗೆ, ವಾರ್ಷಿಕ ಲೆಕ್ಕ ಸಲ್ಲಿಸಬೇಕು. ಆ ವರ್ಷ ಒಂದು ರೂಪಾಯಿ ಬರದಿದ್ದರೂ ಸಲ್ಲಿಸಲೇಬೇಕು.

ಮೊದಲ ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿ ಪತ್ರ ಬರೆಯಿರಿ. ಕೆಲವು ಸಂಸ್ಥೆಗಳು ಹೇಳುತ್ತವೆ, ಆ ಉತ್ತರ ಮುಂದಿನ ಅರ್ಜಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕೊಪ್ಪಳ ಜಿಲ್ಲೆಯಿಂದ ಇಂಥ ಅರ್ಜಿಗಳು ಇನ್ನೂ ಹೆಚ್ಚು ಹೋಗಬೇಕು. ಎರಡನೇ ಹಂತದಲ್ಲಿ ಹೇಳಿದ ಆ ಒಂದು ಪುಟವನ್ನು ಈ ವಾರವೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಬರೆದದ್ದನ್ನು ಮೊದಲು ಕೆಲಸ ಮಾಡುವ ಚಿತ್ರಗಾರರಿಗೆ ಓದಿ ಹೇಳಿ.